ಮನೆಗೆ ನಾಲ್ಕು ಕ್ಯಾಮೆರಾ: ವೈಫೈ, ಡಿವಿಆರ್, ಪಿಒಇ ಸೆಟ್‌ಗಳ ವಿಮರ್ಶೆ

ಮನೆಗೆ ಹಾಕಿಸುವ ಕ್ಯಾಮೆರಾ ಸೆಟ್ ಇವತ್ತು ಮೂರು ಬಗೆಯಲ್ಲಿ ಸಿಗುತ್ತದೆ. ಮೆಮೊರಿ ಕಾರ್ಡ್ ಹಾಕಿ ಮೊಬೈಲಿನಲ್ಲಿ ನೋಡುವ ವೈಫೈ ಕ್ಯಾಮೆರಾ ಒಂದು. ಕೇಬಲ್ ಟಿವಿಯದಂಥ ಕೊಆಕ್ಸಿಯಲ್ ಕೇಬಲ್ ಎಳೆದು ಡಿವಿಆರ್ ಎಂಬ ರೆಕಾರ್ಡರಿಗೆ ಸೇರಿಸುವ ಎಚ್‌ಡಿ ಅನಲಾಗ್ ಇನ್ನೊಂದು. ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟನ್ನೂ ಕಳಿಸಿ ಎನ್‌ವಿಆರ್ ಎಂಬ ರೆಕಾರ್ಡರಿನಲ್ಲಿ ದೃಶ್ಯ ಉಳಿಸುವ ಪಿಒಇ ಮೂರನೆಯದು. 30×40 ಸೈಟಿನ ಮನೆ, ನಾಲ್ಕು ಕ್ಯಾಮೆರಾ ಎಂದಿಟ್ಟುಕೊಂಡು ಮೂರನ್ನೂ ಇಲ್ಲಿ ತೂಗಿದ್ದೇವೆ.

ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಸ್ವಂತ ಮನೆಯಾದರೆ 4 ಮೆಗಾಪಿಕ್ಸೆಲ್‌ನ ಪಿಒಇ ಸೆಟ್ ಕೊಳ್ಳಿ. ಗೋಡೆಯೊಳಗೆ ಈಗಾಗಲೇ ಒಳ್ಳೆಯ ತಾಮ್ರದ ಕೊಆಕ್ಸಿಯಲ್ ಕೇಬಲ್ ಓಡಿಸಿದ್ದರೆ ಮಾತ್ರ ಡಿವಿಆರ್ ಸೆಟ್. ಬಾಡಿಗೆ ಮನೆ, ಫ್ಲಾಟಿನ ಒಳಕೋಣೆ, ಮಲಗಿರುವ ಹಿರಿಯರ ಮೇಲೆ ಒಂದು ಕಣ್ಣಿಡುವ ಕೆಲಸ ಇವಕ್ಕೆ ವೈಫೈ ಧಾರಾಳ ಸಾಕು. ಸೆಟ್ ಯಾವುದೇ ಇರಲಿ, ಮೆಗಾಪಿಕ್ಸೆಲ್‌ಗೆ ಕೊಡುವ ಹೆಚ್ಚಿನ ದುಡ್ಡನ್ನು ಲೆನ್ಸ್, ಕೇಬಲ್, ಡಿಸ್ಕ್‌ಗೆ ಹಾಕಿದರೆ ಕಳ್ಳತನವಾದ ಮರುದಿನ ಪೊಲೀಸರಿಗೆ ತೋರಿಸಲು ಒಂದು ಮುಖ ಸಿಗುತ್ತದೆ.

ಮುಖ ಎಷ್ಟು ದೂರದವರೆಗೆ ಸಿಗುತ್ತದೆ

ಇದನ್ನು ಅಂದಾಜಿನ ಮೇಲೆ ಬಿಡಬೇಕಾಗಿಲ್ಲ, ಲೆಕ್ಕವಿದೆ. ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯ ಪ್ರಕಾರ, ಚಿತ್ರದಲ್ಲಿ ಒಂದು ಮೀಟರ್ ಅಗಲಕ್ಕೆ 25 ಪಿಕ್ಸೆಲ್ ಬಿದ್ದರೆ ಅಲ್ಲಿ ಯಾರೋ ಇದ್ದಾರೆ ಎಂಬುದಷ್ಟೇ ತಿಳಿಯುತ್ತದೆ. 125 ಬಿದ್ದರೆ ಪರಿಚಯದವರನ್ನು ಗುರುತಿಸಬಹುದು. ಗೊತ್ತಿಲ್ಲದವನ ಮುಖವನ್ನು ಅನುಮಾನಕ್ಕೆಡೆಯಿಲ್ಲದೆ ಗುರುತು ಹಿಡಿಯಲು 250 ಬೇಕು.

2 ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಪಿಕ್ಸೆಲ್. ಅದನ್ನು 250ರಿಂದ ಭಾಗಿಸಿದರೆ ಸುಮಾರು 7.7 ಮೀಟರ್. 4 ಮೆಗಾಪಿಕ್ಸೆಲ್‌ಗೆ 2560 ಪಿಕ್ಸೆಲ್, ಅಂದರೆ 10.2 ಮೀಟರ್. ಕ್ಯಾಮೆರಾ ಕಾಣುವ ದೃಶ್ಯದ ಅಗಲ ಇದಕ್ಕಿಂತ ಹೆಚ್ಚಾದ ಜಾಗದಲ್ಲಿ ಮುಖ ಸಿಗುವ ಭರವಸೆಯಿಲ್ಲ. ಅಂಗಡಿಯವರು ಸಾಮಾನ್ಯವಾಗಿ ಕೊಡುವ 2.8 ಮಿ.ಮೀ. ಲೆನ್ಸ್ ಸುಮಾರು 100 ಡಿಗ್ರಿ ಅಗಲವಾಗಿ ನೋಡುತ್ತದೆ. ಅದರಲ್ಲಿ 2 ಮೆಗಾಪಿಕ್ಸೆಲ್ ಕ್ಯಾಮೆರಾ ಮುಖ ಹಿಡಿಯುವುದು ಮೂರು ಮೀಟರ್ ಚಿಲ್ಲರೆ ದೂರದವರೆಗೆ, 4 ಮೆಗಾಪಿಕ್ಸೆಲ್ ಆದರೆ ನಾಲ್ಕು ಮೀಟರ್ ಚಿಲ್ಲರೆ. ಅದೇ 4 ಮೆಗಾಪಿಕ್ಸೆಲ್‌ಗೆ 50 ಡಿಗ್ರಿ ಆಸುಪಾಸಿನ 6 ಮಿ.ಮೀ. ಲೆನ್ಸ್ ಇದ್ದರೆ 11 ಮೀಟರ್ ದೂರದ ಮುಖವೂ ಸಿಗುತ್ತದೆ. ಇದು ಹಗಲಿನ ಲೆಕ್ಕ. ರಾತ್ರಿಗೆ ಇದರಲ್ಲಿ ಅರ್ಧ ಎಂದಿಟ್ಟುಕೊಳ್ಳುವುದು ಕ್ಷೇಮ.

ನಾಲ್ಕೂ ಕ್ಯಾಮೆರಾ 2.8 ಮಿ.ಮೀ. ಆಗಿರುವ ಸೆಟ್ ಮೊಬೈಲಿನಲ್ಲಿ ನೋಡಲು ಚೆನ್ನ. ಕಾಂಪೌಂಡು, ತುಳಸಿಕಟ್ಟೆ, ಎದುರುಮನೆ ಎಲ್ಲ ಒಂದೇ ಚೌಕಟ್ಟಿನಲ್ಲಿ ಬರುತ್ತವೆ. ಆದರೆ ಗೇಟಿನ ಹತ್ತಿರ ನಿಂತವನ ಮುಖ ಬೆರಳುಗುರುತಿನಷ್ಟು ಮಸುಕು. ನಮ್ಮ ಶಿಫಾರಸು: ಬಾಗಿಲು, ಹಿತ್ತಿಲು, ಪಕ್ಕದ ಓಣಿಗೆ 2.8, ಗೇಟನ್ನು ನೋಡುವ ಒಂದಕ್ಕೆ 6 ಮಿ.ಮೀ. ಅಥವಾ ಅಳವಡಿಸುವಾಗ ತಿರುಗಿಸಿ ಹೊಂದಿಸಬಹುದಾದ 2.8ರಿಂದ 12 ಮಿ.ಮೀ.ವರೆಗಿನ ವೇರಿಫೋಕಲ್.

8 ಮೆಗಾಪಿಕ್ಸೆಲ್ ಬೇಡವೇ ಎಂದು ಕೇಳುವವರಿಗೆ: ಸೆನ್ಸರ್ ಅಷ್ಟೇ ಚಿಕ್ಕದಿದ್ದು ಪಿಕ್ಸೆಲ್ ಮಾತ್ರ ದುಪ್ಪಟ್ಟಾದರೆ ಒಂದೊಂದು ಪಿಕ್ಸೆಲ್‌ಗೆ ಬೀಳುವ ಬೆಳಕು ಕಡಿಮೆಯಾಗಿ ರಾತ್ರಿಯ ಚಿತ್ರ ಕೆಡುತ್ತದೆ. 1/1.8 ಇಂಚಿನ ಸೆನ್ಸರ್ ಇರುವ 4 ಮೆಗಾಪಿಕ್ಸೆಲ್ ಕ್ಯಾಮೆರಾ, 1/2.8 ಇಂಚಿನ 8 ಮೆಗಾಪಿಕ್ಸೆಲ್‌ಗಿಂತ ಕತ್ತಲಲ್ಲಿ ಒಳ್ಳೆಯ ಕೆಲಸ ಮಾಡುತ್ತದೆ. ಕೊಳ್ಳುವಾಗ ಸ್ಪೆಸಿಫಿಕೇಶನ್ ಹಾಳೆಯಲ್ಲಿ ನೋಡಬೇಕಾದದ್ದು ಮೂರು: ಸೆನ್ಸರ್ ಅಳತೆ, ಲೆನ್ಸಿನ ಎಫ್ ಸಂಖ್ಯೆ (1.0 ಆದರೆ ಬಹಳ ಬೆಳಕು ಒಳಬರುತ್ತದೆ, 2.0 ಆದರೆ ಅದರ ಕಾಲುಭಾಗ), ಮತ್ತು ಡಬ್ಲ್ಯೂಡಿಆರ್ 120 ಡಿಬಿ. ಬರೇ ‘ಡಿಡಬ್ಲ್ಯೂಡಿಆರ್’ ಎಂದಿದ್ದರೆ ಅದು ಸಾಫ್ಟ್‌ವೇರ್ ಮಾಡುವ ತೇಪೆ. ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ ಬಾಗಿಲಿನಲ್ಲಿ ಬಿಸಿಲು ನೇರ ಹೊಡೆದಾಗ ಬಂದವರ ಮುಖ ಕಪ್ಪಾಗದಂತೆ ಉಳಿಸುವುದು ನಿಜವಾದ ಡಬ್ಲ್ಯೂಡಿಆರ್ ಮಾತ್ರ.

ಇನ್ನೊಂದು ಮಾತು ಲೇಬಲ್ ಬಗ್ಗೆ. ಭಾರತದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದ ಕೇಂದ್ರದ ನಿಯಮ 2025ರ ಏಪ್ರಿಲ್ 9ರಿಂದ ಜಾರಿಯಲ್ಲಿದೆ. ಕ್ಯಾಮೆರಾದ ಮೇಲೆ ಬಿಐಎಸ್ ನೋಂದಣಿಯ ‘ಆರ್’ನಿಂದ ಶುರುವಾಗುವ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕರಿಗೆ ಕೊಟ್ಟದ್ದೆಂದು ಬರುತ್ತದೆ. ಹಳೆಯ ದಾಸ್ತಾನನ್ನು ರಿಯಾಯಿತಿಯಲ್ಲಿ ಕೊಡುತ್ತೇವೆಂದರೆ ಇದನ್ನು ಮೊದಲು ನೋಡಿ.

ವೈಫೈ ಸೆಟ್

ಟಿಪಿ-ಲಿಂಕ್‌ನ ಟಾಪೋ ಸಿ200 ಈ ಬಗೆಯ ಒಳ್ಳೆಯ ಮಾದರಿ. 1080ಪಿ ಚಿತ್ರ, ಅತ್ತಿತ್ತ ತಿರುಗುವ ತಲೆ, ಮೆಮೊರಿ ಕಾರ್ಡಿನ ಜಾಗ, ಎರಡೂ ಕಡೆಯ ಮಾತು. ಹೊರಗೆ ಹಾಕಲು ಇದೇ ಕುಟುಂಬದ ಸಿ310: 3 ಮೆಗಾಪಿಕ್ಸೆಲ್, ಮಳೆ ತಡೆಯುವ ಐಪಿ66 ಕವಚ, ಎರಡು ಆಂಟೆನಾ. ಬೇರೆ ಬೇರೆ ಕಂಪನಿಯ ಕ್ಯಾಮೆರಾ, ರೆಕಾರ್ಡರ್‌ಗಳನ್ನು ಜೋಡಿಸುವ ಸಾಮಾನ್ಯ ಭಾಷೆಗಳಾದ ಆರ್‌ಟಿಎಸ್‌ಪಿ ಮತ್ತು ಆನ್‌ವಿಫ್ ಎರಡೂ ಮಾತಾಡುತ್ತವೆ, ಆದ್ದರಿಂದ ನಾಳೆ ಎನ್‌ವಿಆರ್ ತಂದರೆ ಇವನ್ನು ಎಸೆಯಬೇಕಾಗಿಲ್ಲ. ಸೇರಿಸುವಾಗ ಎನ್‌ವಿಆರ್‌ನಲ್ಲಿ ಆನ್‌ವಿಫ್ ಪೋರ್ಟ್ 80 ಎಂದಿರುವುದನ್ನು 2020 ಎಂದು ಬದಲಿಸಬೇಕು. ಆ್ಯಪಿನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ಅಕೌಂಟ್ ಎಂದು ಬೇರೆಯೇ ಹೆಸರು, ಪಾಸ್‌ವರ್ಡ್ ಮಾಡಿ ಅದನ್ನೇ ಕೊಡಬೇಕು. ಟಾಪೋ ಆ್ಯಪಿಗೆ ಹಾಕುವ ಪಾಸ್‌ವರ್ಡ್ ಇಲ್ಲಿ ನಡೆಯುವುದಿಲ್ಲ.

ಮಿತಿಗಳು ಸ್ಪಷ್ಟ. ಎರಡೂ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ರೌಟರ್ 2.4 ಮತ್ತು 5 ಎರಡಕ್ಕೂ ಒಂದೇ ಹೆಸರು ಇಟ್ಟಿದ್ದರೆ ಮೊದಲ ಜೋಡಣೆಯಲ್ಲಿ ಗೊಂದಲವಾಗುವುದುಂಟು. ಆಗ 5 ಗಿಗಾಹರ್ಟ್ಸನ್ನು ಹತ್ತು ನಿಮಿಷ ಆಫ್ ಮಾಡಿ ಸೇರಿಸಿ. ಗೇಟಿನ ಬಳಿ ಸಿಗ್ನಲ್ ಮೈನಸ್ 65 ಡಿಬಿಎಂ ಒಳಗಿದ್ದರೆ ಚಿಂತೆಯಿಲ್ಲ, ಮೈನಸ್ 70 ದಾಟಿದರೆ ದಿನಕ್ಕೆ ಹತ್ತು ಸಲ ಆಫ್‌ಲೈನ್. ಒಂದು ಕಾಂಕ್ರೀಟು ಗೋಡೆ, ಒಂದು ಕಬ್ಬಿಣದ ಬಾಗಿಲು ನಡುವೆ ಬಂದರೆ ಇದು ಸಹಜ. ರೌಟರಿನ ಚಾನೆಲನ್ನು ‘ಆಟೋ’ದಿಂದ ತೆಗೆದು 1, 6, 11ರಲ್ಲಿ ನೆರೆಹೊರೆಯವರು ಕಡಿಮೆ ಬಳಸುವುದಕ್ಕೆ ಇಡಿ.

ಸಿ310ಗೆ ನೆಟ್‌ವರ್ಕ್ ಕೇಬಲಿನ ಪೋರ್ಟ್ ಇದೆ, ಆದರೆ ಅದು ಪಿಒಇ ಪೋರ್ಟ್ ಅಲ್ಲ; ಕರೆಂಟು ಬೇರೆ ಕೊಡಲೇಬೇಕು. ಈ ಎರಡರ ಅಡಾಪ್ಟರ್ 9 ವೋಲ್ಟ್, 0.6 ಆಂಪ್. ಕೈಗೆ ಸಿಕ್ಕಿದ 12 ವೋಲ್ಟ್ ಸಿಸಿಟಿವಿ ಅಡಾಪ್ಟರ್ ಚುಚ್ಚಬೇಡಿ.

ದೀಪದ ಬಣ್ಣ ಓದಲು ಬಂದರೆ ಸಿ200ರ ಅರ್ಧ ತೊಂದರೆ ತಾನೇ ತಿಳಿಯುತ್ತದೆ. ಕೆಂಪು-ಹಸಿರು ಒಂದಾದಮೇಲೊಂದು ಮಿನುಗಿದರೆ ಜೋಡಣೆಗೆ ತಯಾರಾಗಿದೆ. ಕೆಂಪು ನಿಧಾನ ಮಿನುಗಿದರೆ ವೈಫೈ ಹುಡುಕುತ್ತಿದೆ. ಹಳದಿ ನಿಂತರೆ ವೈಫೈ ಸಿಕ್ಕಿದೆ, ಇಂಟರ್ನೆಟ್ ಸಿಕ್ಕಿಲ್ಲ: ತೊಂದರೆ ಕ್ಯಾಮೆರಾದ್ದಲ್ಲ, ಫೈಬರ್ ಲೈನಿನದ್ದು. ಹಸಿರು ನಿಂತರೆ ಎಲ್ಲ ಸರಿ.

ವೈಫೈ ಸೆಟ್ಟಿನ ದೊಡ್ಡ ದೌರ್ಬಲ್ಯ ಬೇರೆಯೇ ಇದೆ. ರೆಕಾರ್ಡಿಂಗ್ ಇರುವುದು ಕ್ಯಾಮೆರಾದೊಳಗಿನ ಕಾರ್ಡಿನಲ್ಲಿ. ಕೈಗೆಟುಕುವ ಎತ್ತರದಲ್ಲಿ ಹಾಕಿದ್ದರೆ ಕಳ್ಳ ಕ್ಯಾಮೆರಾ ಕಿತ್ತುಕೊಂಡು ಹೋದಾಗ ಸಾಕ್ಷಿಯೂ ಅವನೊಂದಿಗೇ ಹೋಗುತ್ತದೆ. ಕಾರ್ಡ್ ಕೊಳ್ಳುವಾಗ ‘ಎಂಡ್ಯೂರೆನ್ಸ್’ ಎಂದು ಬರೆದಿರುವುದನ್ನೇ ಕೊಳ್ಳಿ. ಫೋಟೊ ತೆಗೆಯಲು ಮಾಡಿದ ಕಾರ್ಡುಗಳು ಹಗಲೂ ರಾತ್ರಿ ಬರೆಯುವ ಕೆಲಸಕ್ಕೆ ಬೇಗ ಸವೆಯುತ್ತವೆ.

ತೋಟಕ್ಕೆ, ಅಡಿಕೆ ಒಣಗಿಸುವ ಅಂಗಳಕ್ಕೆ ಹಾಕುವ ಸೋಲಾರ್-ಸಿಮ್ ಕ್ಯಾಮೆರಾಗಳೂ ಇದೇ ಜಾತಿ. ಬ್ಯಾಟರಿ ಉಳಿಸಲು ಅವು ಸದಾ ರೆಕಾರ್ಡ್ ಮಾಡುವುದಿಲ್ಲ. ಮೈಶಾಖ ಗ್ರಹಿಸಿದಾಗ ಎಚ್ಚರಗೊಂಡು ಚಿಕ್ಕ ತುಣುಕು ತೆಗೆದು ಮಲಗುತ್ತವೆ. ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡದಲ್ಲಿ ಪ್ಯಾನೆಲ್‌ಗೆ ಸಾಕಷ್ಟು ಬಿಸಿಲು ಸಿಗುವುದಿಲ್ಲ. ಡೇಟಾ ಲೆಕ್ಕವನ್ನೂ ನೋಡಿ: 1 ಎಂಬಿಪಿಎಸ್‌ನಲ್ಲಿ ಲೈವ್ ನೋಡಿದರೆ ದಿನದ 1.5 ಜಿಬಿ ಸುಮಾರು ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ.

ಡಿವಿಆರ್ ಸೆಟ್

ಈಗಲೂ ಪೇಟೆಯಲ್ಲಿ ತುಂಬ ಮಾರಾಟವಾಗುವುದು ಇದು, ಏಕೆಂದರೆ ಅಗ್ಗ ಮತ್ತು ಅಳವಡಿಸುವವರಿಗೆಲ್ಲ ಗೊತ್ತಿರುವ ಕೆಲಸ. ಚಿತ್ರ ಕೆಟ್ಟದ್ದೇನಲ್ಲ. ಮೋಸ ಹೋಗುವುದು ಎರಡು ಕಡೆ.

ಮೊದಲನೆಯದು ಡಿವಿಆರ್‌ನ ನಿಜವಾದ ಸಾಮರ್ಥ್ಯ. ‘1080ಎನ್’ ಅಥವಾ ‘ಲೈಟ್’ ಎಂದು ಬರೆದ ಡಿವಿಆರ್ ರೆಕಾರ್ಡ್ ಮಾಡುವುದು 960×1080, ಅಂದರೆ ಅಗಲದಲ್ಲಿ ಅರ್ಧ. ಮೇಲೆ ಹಾಕಿದ ಪಿಕ್ಸೆಲ್ ಲೆಕ್ಕವೂ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೆ 5 ಮೆಗಾಪಿಕ್ಸೆಲ್ ಕ್ಯಾಮೆರಾ ಜೋಡಿಸಿ ಬಿಲ್ ಮಾಡಿದರೆ ಕೊಟ್ಟ ದುಡ್ಡು ಗೋಡೆಯ ಮೇಲೇ ಉಳಿಯುತ್ತದೆ, ಡಿಸ್ಕಿಗೆ ಇಳಿಯುವುದಿಲ್ಲ.

ಎರಡನೆಯದು ಕೇಬಲ್. ‘3+1’ ಎಂದು ಕರೆಯುವ ಕೇಬಲಿನಲ್ಲಿ ಚಿತ್ರಕ್ಕೊಂದು ಕೊಆಕ್ಸಿಯಲ್, ಕರೆಂಟಿಗೆ ಮೂರು ಸಣ್ಣ ತಂತಿ. ಆ ತಂತಿ 0.2 ಚದರ ಮಿ.ಮೀ.ನ ಅಪ್ಪಟ ತಾಮ್ರವಾಗಿದ್ದರೂ 30 ಮೀಟರ್ ಓಟದಲ್ಲಿ ಹೋಗಿಬರುವ ರೋಧ ಸುಮಾರು 5 ಓಮ್. ಹಗಲು 0.15 ಆಂಪ್ ಎಳೆಯುವ ಕ್ಯಾಮೆರಾ ಕತ್ತಲಾದಾಗ ಇನ್‌ಫ್ರಾರೆಡ್ ದೀಪ ಹೊತ್ತಿಸಿ 0.4 ಆಂಪ್ ಎಳೆಯತೊಡಗಿದರೆ 2 ವೋಲ್ಟ್ ದಾರಿಯಲ್ಲೇ ಬಿದ್ದುಹೋಗುತ್ತದೆ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಆದರೆ 3 ವೋಲ್ಟ್. 12 ಹೊರಟದ್ದು 9ಕ್ಕೆ ತಲುಪುತ್ತದೆ. ಹಗಲೆಲ್ಲ ಚೆನ್ನಾಗಿದ್ದು ಸಂಜೆ ಏಳಕ್ಕೆ ‘ವಿಡಿಯೊ ಲಾಸ್’ ತೋರಿಸುವ, ಇಲ್ಲವೇ ರಾತ್ರಿಯಿಡೀ ಆಫ್-ಆನ್ ಆಗುವ ಕ್ಯಾಮೆರಾಗಳಲ್ಲಿ ಬಹುಪಾಲು ಇದೇ ಕಾಯಿಲೆ. ಕ್ಯಾಮೆರಾ ಬದಲಿಸಿದರೂ ವಾಸಿಯಾಗುವುದಿಲ್ಲ.

ಪತ್ತೆಹಚ್ಚಲು ರಾತ್ರಿಯವರೆಗೆ ಕಾಯಬೇಕಾಗಿಲ್ಲ. ಲೆನ್ಸಿನ ಸುತ್ತಲಿನ ಬೆಳಕಿನ ಸೆನ್ಸರನ್ನು ಅಂಗೈಯಿಂದ ಮುಚ್ಚಿ. ಇನ್‌ಫ್ರಾರೆಡ್ ದೀಪ ಹೊತ್ತಿದಾಗ ಕ್ಯಾಮೆರಾ ತುದಿಯ ಡಿಸಿ ಪಿನ್ನಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. 11 ವೋಲ್ಟಿನ ಕೆಳಗೆ ಬಂದರೆ ಕೇಬಲಿನ ಮೇಲೆ ಅನುಮಾನ ಪಡಿ. ಮೂರು ತಂತಿಯಲ್ಲಿ ಒಂದು ಆಡಿಯೊಗೆಂದು ಖಾಲಿ ಬಿದ್ದಿರುತ್ತದೆ. ಅದನ್ನು ಎರಡೂ ತುದಿಯಲ್ಲಿ ಮೈನಸ್‌ಗೆ ಜೋಡಿಸಿದರೆ ಒಟ್ಟು ರೋಧ ಕಾಲುಭಾಗ ಇಳಿಯುತ್ತದೆ. ಅದೂ ಸಾಲದಿದ್ದರೆ ಆ ಕ್ಯಾಮೆರಾದ ಹತ್ತಿರವೇ 12 ವೋಲ್ಟ್ 1 ಆಂಪ್‌ನ ಬೇರೆ ಅಡಾಪ್ಟರ್ ಕೊಡಿ. ನಾಲ್ಕು ಕ್ಯಾಮೆರಾಗೆ 12 ವೋಲ್ಟ್ 5 ಆಂಪ್‌ನ ಎಸ್‌ಎಂಪಿಎಸ್ (ಎಲ್ಲ ಕ್ಯಾಮೆರಾಗೂ ಕರೆಂಟು ಕೊಡುವ ಪೆಟ್ಟಿಗೆ) ಸಾಕು; ನಾಲ್ಕೂ ಒಟ್ಟಿಗೆ ಹೋದರೆ ಮಾತ್ರ ಅದರ ಕಡೆ ನೋಡಿ.

ಚಿತ್ರದಲ್ಲಿ ಅಡ್ಡಪಟ್ಟಿಗಳು ಕೆಳಗಿನಿಂದ ಮೇಲೆ ತೆವಳುತ್ತಿದ್ದರೆ ಅದು ಗ್ರೌಂಡ್ ಲೂಪ್. ಕಬ್ಬಿಣದ ಕಂಬಕ್ಕೋ ಗ್ರಿಲ್ಲಿಗೋ ಬಿಗಿದ ಕ್ಯಾಮೆರಾದ ಲೋಹದ ಮೈ ಅಲ್ಲಿ ಭೂಮಿಗೆ ತಾಗುತ್ತದೆ, ಡಿವಿಆರ್ ಮನೆಯೊಳಗಿನ ಅರ್ತಿಂಗಿಗೆ ತಾಗುತ್ತದೆ, ಎರಡರ ನಡುವಿನ ಸಣ್ಣ ವೋಲ್ಟೇಜ್ ಕೊಆಕ್ಸಿಯಲ್ ಹೊದಿಕೆಯಲ್ಲಿ ಹರಿಯುತ್ತದೆ. ಬ್ರಾಕೆಟ್ ಕೆಳಗೆ ಪ್ಲಾಸ್ಟಿಕ್ ಬಾಕ್ಸ್ ಕೊಟ್ಟು ಲೋಹ ತಾಗದಂತೆ ಮಾಡಿದರೆ ಪಟ್ಟಿ ಹೋಗುತ್ತದೆ.

ಪಿಒಇ ಸೆಟ್

ನಾವು ಇದನ್ನು ಮೆಚ್ಚಲು ಮುಖ್ಯ ಕಾರಣ ಮೇಲಿನ ಕಾಯಿಲೆ ಇಲ್ಲಿ ಬಾರದಿರುವುದು. ಕರೆಂಟು 48 ವೋಲ್ಟಿನ ಆಸುಪಾಸಿನಲ್ಲಿ ಹೋಗುವುದರಿಂದ ಆಂಪ್ ಕಡಿಮೆ, ದಾರಿಯ ನಷ್ಟವೂ ಕಡಿಮೆ. 802.3ಎಎಫ್ ಎಂಬ ಪಿಒಇ ಮಾನದಂಡದ ಪೋರ್ಟ್ 15.4 ವ್ಯಾಟ್ ಕೊಡುತ್ತದೆ, ಕ್ಯಾಮೆರಾಗೆ 12.95 ತಲುಪುವ ಭರವಸೆಯಿದೆ. ಸಾಮಾನ್ಯ ಕ್ಯಾಮೆರಾ ರಾತ್ರಿಯೂ 5ರಿಂದ 7 ವ್ಯಾಟ್ ತಿನ್ನುತ್ತದೆ. ಒಂದು ಓಟ 100 ಮೀಟರ್ ಮೀರಬಾರದು. ಮನೆಗೆ ಆ ಪ್ರಶ್ನೆಯೇ ಬರುವುದಿಲ್ಲ.

30×40 ಮನೆಗೆ ಬೇಕಾದ ಸಾಮಾನು ಹೀಗೆ: 4 ಮೆಗಾಪಿಕ್ಸೆಲ್ ಕ್ಯಾಮೆರಾ ನಾಲ್ಕು, ಪಿಒಇ ಪೋರ್ಟುಗಳಿರುವ ಎನ್‌ವಿಆರ್ ಒಂದು (ಮುಂದೆ ಎರಡು ಸೇರಿಸುವ ಯೋಚನೆಯಿದ್ದರೆ ಎಂಟು ಚಾನೆಲ್‌ನದು), 2 ಟಿಬಿ ಸರ್ವೇಲೆನ್ಸ್ ಡಿಸ್ಕ್, ಅಪ್ಪಟ ತಾಮ್ರದ ಕ್ಯಾಟ್6 ಕೇಬಲ್ ಸುಮಾರು 100 ಮೀಟರ್, ಕೇಬಲ್ ತುದಿಗೆ ಒತ್ತಿ ಕೂರಿಸುವ (ಕ್ರಿಂಪ್ ಮಾಡುವ) ಆರ್‌ಜೆ45 ಕನೆಕ್ಟರ್ ಹನ್ನೆರಡು (ಎಂಟು ಬೇಕಾಗುತ್ತವೆ, ಉಳಿದವು ಕ್ರಿಂಪ್ ಕೆಟ್ಟರೆ), 4×4 ಇಂಚಿನ ಪಿವಿಸಿ ಬಾಕ್ಸ್ ನಾಲ್ಕು, 20 ಅಥವಾ 25 ಮಿ.ಮೀ. ಪಿವಿಸಿ ಪೈಪು, ಸಿಲಿಕೋನ್ ಸೀಲಂಟ್ ಒಂದು ಟ್ಯೂಬು. ಕೊಟೇಶನ್‌ನಲ್ಲಿ ಇವೆಲ್ಲ ಬೇರೆಬೇರೆ ಸಾಲಿನಲ್ಲಿ, ಮಾಡೆಲ್ ಸಂಖ್ಯೆ ಸಮೇತ ಇರಬೇಕು. ‘ಕೇಬಲ್ ಮತ್ತು ಇತರೆ’ ಎಂದು ಒಂದೇ ಸಾಲಿದ್ದರೆ ಅಲ್ಯೂಮಿನಿಯಂ ಕೇಬಲ್ ಬರುವ ಸಾಧ್ಯತೆ ಹೆಚ್ಚು. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ; ಒಳಗೆ ಬೆಳ್ಳಗೆ ಕಂಡರೆ ವಾಪಸು ಕಳಿಸಿ. ಪೂರ್ತಿ ಪೆಟ್ಟಿಗೆ ಕೇಬಲ್ 305 ಮೀಟರ್. ಒಂದು ಮನೆಗೆ ಅಷ್ಟಕ್ಕೂ ಬಿಲ್ ಹಾಕಿಸಿಕೊಳ್ಳಬೇಕಾಗಿಲ್ಲ.

ಕ್ರಿಂಪ್ ಮಾಡುವಾಗ ಎರಡೂ ತುದಿಯಲ್ಲಿ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ‘ಎರಡೂ ಕಡೆ ಒಂದೇ ಥರ ಇದ್ದರೆ ಸಾಕು, ಬಣ್ಣ ಯಾವುದಾದರೇನು’ ಎನ್ನುವವರಿದ್ದಾರೆ. ಹೆಣೆದ ಜೋಡಿ ಒಡೆದುಹೋದರೆ ಟೆಸ್ಟರಿನಲ್ಲಿ ಎಂಟೂ ದೀಪ ಹೊತ್ತುತ್ತವೆ, ಚಿತ್ರ ಮಾತ್ರ ನಿಂತು ನಿಂತು ಬರುತ್ತದೆ. ಕ್ಯಾಮೆರಾಗೆ ಕರೆಂಟು ಬಂದಿದೆ, ಚಿತ್ರ ಇಲ್ಲ ಎಂದಾದರೆ ಮೊದಲು 1, 2, 3, 6ನೇ ಪಿನ್ ನೋಡಿ. 100 ಎಂಬಿಪಿಎಸ್ ಡೇಟಾ ಓಡುವುದು ಅವುಗಳಲ್ಲೇ.

ಎನ್‌ವಿಆರ್‌ನ ಹಿಂಬದಿಯ ಪಿಒಇ ಪೋರ್ಟಿಗೆ ಕ್ಯಾಮೆರಾ ನೇರ ಸೇರಿಸಿದರೆ ಅವು ಮನೆಯ ವೈಫೈಯಿಂದ ಬೇರೆಯಾದ ಒಳಜಾಲದಲ್ಲಿ ಉಳಿಯುತ್ತವೆ. ಹಿಕ್‌ವಿಷನ್ ಎನ್‌ವಿಆರ್‌ಗಳಲ್ಲಿ ಆ ಒಳಜಾಲ 192.168.254ರಿಂದ, ದಹುವಾದಲ್ಲಿ 10.1.1ರಿಂದ ಶುರು. ಲ್ಯಾಪ್‌ಟಾಪಿನಿಂದ ಕ್ಯಾಮೆರಾ ನೇರ ಸಿಗುತ್ತಿಲ್ಲವೆಂದು ಗಾಬರಿಯಾಗಬೇಡಿ, ಇದು ಭದ್ರತೆಗೆ ಒಳ್ಳೆಯದೇ. ಬೇರೆ ಕಂಪನಿಯ ಕ್ಯಾಮೆರಾ ಹಾಕಿದಾಗ ಪೋರ್ಟು ತಾನಾಗಿ ಹಿಡಿಯದಿದ್ದರೆ ಆ ಚಾನೆಲನ್ನು ‘ಮ್ಯಾನ್ಯುಯಲ್’ಗೆ ಹಾಕಿ ಪ್ರೋಟೊಕಾಲ್ ಆನ್‌ವಿಫ್ ಮಾಡಿ.

ಡಿಸ್ಕ್ ಎಷ್ಟು ಬೇಕು

ಒಂದೇ ಸಂಖ್ಯೆ ನೆನಪಿಡಿ: 1 ಎಂಬಿಪಿಎಸ್ ಎಂದರೆ ದಿನಕ್ಕೆ 10.8 ಜಿಬಿ. 4 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಎಚ್.265 ಎಂಬ ವಿಡಿಯೊ ಕುಗ್ಗಿಸುವ ವಿಧಾನದಲ್ಲಿ 2 ಎಂಬಿಪಿಎಸ್‌ಗೆ ಇಟ್ಟರೆ ದಿನಕ್ಕೆ 21.6, ನಾಲ್ಕಕ್ಕೆ 86 ಜಿಬಿ. 1 ಟಿಬಿ ಹನ್ನೊಂದು ದಿನ, 2 ಟಿಬಿ ಇಪ್ಪತ್ತಮೂರು ದಿನ. ವೈಫೈ ಕ್ಯಾಮೆರಾದ 128 ಜಿಬಿ ಕಾರ್ಡು ಇದೇ ಲೆಕ್ಕದಲ್ಲಿ ಆರು ದಿನವೂ ಪೂರ್ತಿ ಬಾರದು. ಒಮ್ಮೆಗೆ 100 ಅಥವಾ ದಿನಕ್ಕೆ 500 ಜನ ಸೇರುವ ಸಂಸ್ಥೆಗಳು 30 ದಿನದ ದೃಶ್ಯ ಇಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಅದು ಮನೆಗಳಿಗೆ ಬಂದದ್ದಲ್ಲ. ಆದರೂ ಬೇಸಿಗೆ ರಜೆಗೆ ಊರಿಗೆ ಹೋಗಿ ಬರುವಷ್ಟು ದಿನದ ದೃಶ್ಯವಾದರೂ ಉಳಿಯಬೇಕು, ಅದಕ್ಕೇ 2 ಟಿಬಿ ಎಂದದ್ದು.

ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಈ ಕೆಲಸಕ್ಕೇ ಮಾಡಿದವು. ಹಳೆಯ ಕಂಪ್ಯೂಟರಿನ ಡಿಸ್ಕ್ ಹಾಕಿ ದುಡ್ಡು ಉಳಿಸಲು ಹೋಗಬೇಡಿ. ವಾರಕ್ಕೊಮ್ಮೆ ಹಿಂದಿನ ಯಾವುದಾದರೂ ಒಂದು ರಾತ್ರಿಯ ದೃಶ್ಯ ತೆರೆದು ನೋಡುವುದು ರೂಢಿಯಾಗಲಿ. ಲೈವ್ ಚೆನ್ನಾಗಿ ಬರುತ್ತಿದ್ದು ಡಿಸ್ಕ್ ಸತ್ತು ತಿಂಗಳಾಗಿರುವುದು ಕಳ್ಳತನವಾದ ಮೇಲೆ ಗೊತ್ತಾಗುವ ಮನೆಗಳು ಕಡಿಮೆಯಿಲ್ಲ. ರೆಕಾರ್ಡರ್ ಬೀಪ್ ಹೊಡೆಯುತ್ತಿದ್ದರೆ ಶಬ್ದ ಆಫ್ ಮಾಡುವ ಮೊದಲು ಎಚ್‌ಡಿಡಿ ಸ್ಟೇಟಸ್ ನೋಡಿ.

ಎಲ್ಲಿ, ಹೇಗೆ ಬಿಗಿಯುವುದು

ಎತ್ತರ ಹೆಚ್ಚಾದಷ್ಟೂ ಸುರಕ್ಷಿತ ಎಂದು ಮೊದಲ ಮಹಡಿಯ ಸಜ್ಜಾದಲ್ಲಿ ಬಿಗಿಯುತ್ತಾರೆ. ಆಗ ಸಿಗುವುದು ನೆತ್ತಿ. 3 ಮೀಟರ್ ಎತ್ತರದ ಕ್ಯಾಮೆರಾ ನಾಲ್ಕು ಮೀಟರ್ ದೂರದ ಮುಖವನ್ನು ಸುಮಾರು 19 ಡಿಗ್ರಿ ಕೆಳನೋಟದಲ್ಲಿ ಕಾಣುತ್ತದೆ. 2.4 ಮೀಟರ್ ಎತ್ತರವಾದರೆ 11 ಡಿಗ್ರಿ. ಟೋಪಿ, ಹೆಲ್ಮೆಟ್‌ಗಳ ಕೆಳಗಿನ ಮುಖ ಸಿಗಬೇಕಾದರೆ ಬಾಗಿಲ ಕ್ಯಾಮೆರಾ 2.4ರಲ್ಲಿರಲಿ, ಉಳಿದವು 3 ಮೀಟರಿನಲ್ಲಿ. ಒಂದನ್ನೊಂದು ಕಾಣುವಂತೆ ಇಟ್ಟರೆ ಯಾವುದಕ್ಕಾದರೂ ಕೈ ಹಾಕಿದವನು ಇನ್ನೊಂದರಲ್ಲಿ ಬೀಳುತ್ತಾನೆ. ನೆರೆಮನೆಯ ಬಾಗಿಲು, ಕಿಟಕಿ ಚೌಕಟ್ಟಿನಲ್ಲಿ ಬಂದರೆ ಪ್ರೈವೆಸಿ ಮಾಸ್ಕ್ ಹಾಕಿ ಮುಚ್ಚಿ. ಇದು ಸೌಜನ್ಯದ ವಿಷಯವೂ ಹೌದು.

ಕೇಬಲ್ ಗೋಡೆಯೊಳಗೆ ಹೋಗುವ ತೂತು ಹೊರಗಿನಿಂದ ಒಳಕ್ಕೆ ಮೇಲ್ಮುಖವಾಗಿ ಓರೆಯಿರಬೇಕು. ಒಳಹೋಗುವ ಮೊದಲು ಕೇಬಲ್ ಒಮ್ಮೆ ಕೆಳಕ್ಕೆ ಜೋಲಿ ಮೇಲೇರಬೇಕು, ಮಳೆನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಲಿ. ಕ್ಯಾಮೆರಾದ ಬಾಲದಲ್ಲಿರುವ ಆರ್‌ಜೆ45 ಸಾಕೆಟ್ಟನ್ನು ಹೊರಗೆ ನೇತಾಡಲು ಬಿಡದೆ, ಪೆಟ್ಟಿಗೆಯಲ್ಲಿ ಬಂದ ರಬ್ಬರ್ ಗ್ಲಾಂಡ್ ಹಾಕಿ 4×4 ಬಾಕ್ಸಿನೊಳಗೆ ಇಡಿ. ಕರಾವಳಿಯಲ್ಲಿ ಪಿಒಇ ಕ್ಯಾಮೆರಾ ಸಾಯುವುದು ಹೆಚ್ಚಾಗಿ ಇಲ್ಲೇ: ಪಿನ್ನುಗಳು ಹಸಿರುಗಟ್ಟಿ ಸಂಪರ್ಕ ಹೋಗುತ್ತದೆ, ಕ್ಯಾಮೆರಾ ಕೆಟ್ಟಿದೆಯೆಂದು ಎಸೆಯುತ್ತಾರೆ. ಕೆಂಪುಕಲ್ಲಿನ ಗೋಡೆಯಲ್ಲಿ 6 ಮಿ.ಮೀ. ಡ್ರಿಲ್ ಬಿಟ್ ತೂತನ್ನು ಅಗಲ ಮಾಡಿಬಿಡುತ್ತದೆ, ರಾಲ್ ಪ್ಲಗ್ ಹಿಡಿಯುವುದಿಲ್ಲ. 5 ಮಿ.ಮೀ. ಡ್ರಿಲ್ ಬಿಟ್‌ನಲ್ಲಿ ಕೊರೆದು 6 ಮಿ.ಮೀ. ಪ್ಲಗ್ಗನ್ನು ಬಿಗಿಯಾಗಿ ಹೊಡೆಯಿರಿ, ಸ್ಕ್ರೂ ಒಂದೂವರೆ ಇಂಚಿನದಾದರೂ ಇರಲಿ. ಹೆಂಚಿನ ಮನೆಯ ಅಟ್ಟದಲ್ಲಿ ಬರಿ ಕೇಬಲ್ ಹಾಯಿಸಿದರೆ ಇಲಿ, ಅಳಿಲುಗಳು ಬಿಡವು. ಪೂರ್ತಿ ಪೈಪಿನಲ್ಲೇ ತನ್ನಿ.

ಎನ್‌ವಿಆರ್ ಟಿವಿಯ ಕೆಳಗೆ ಬೇಡ. ಗಾಳಿಯಾಡುವ, ಬೀಗವಿರುವ ಕಪಾಟಿನಲ್ಲಿಡಿ. ಜೊತೆಗೆ ಗೇಟಿನ ಕ್ಯಾಮೆರಾಗೆ ಒಂದು ಮೆಮೊರಿ ಕಾರ್ಡ್ ಹಾಕಿದರೆ ರೆಕಾರ್ಡರ್ ಕಳುವಾದರೂ ಒಂದು ಪ್ರತಿ ಉಳಿಯುತ್ತದೆ.

ಕರೆಂಟು ಹೋದಾಗಿನ ಲೆಕ್ಕ: ಎನ್‌ವಿಆರ್, ಡಿಸ್ಕ್, ನಾಲ್ಕು ಕ್ಯಾಮೆರಾ, ರೌಟರ್ ಸೇರಿ 50ರಿಂದ 55 ವ್ಯಾಟ್. 7 ಎಎಚ್ ಬ್ಯಾಟರಿಯ ಸಣ್ಣ ಯುಪಿಎಸ್ ಒಂದು ಗಂಟೆ ಎಳೆದರೆ ಹೆಚ್ಚು. ಮನೆಯ ಇನ್ವರ್ಟರ್ ಲೈನಿಗೇ ಹಾಕಿ, ಇನ್ವರ್ಟರಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ನಲ್ಲಿಡಿ. ಇಲ್ಲವಾದರೆ ಬದಲಾಗುವ ಆ ಕ್ಷಣದಲ್ಲಿ ಎನ್‌ವಿಆರ್ ಆಫ್ ಆಗಿ ಮತ್ತೆ ಏಳಲು ಒಂದೆರಡು ನಿಮಿಷ ಹೋಗುತ್ತದೆ. ರೌಟರನ್ನು ಇನ್ವರ್ಟರಿಗೆ ಹಾಕಲು ಮರೆಯುವವರೇ ಹೆಚ್ಚು.

ರಾತ್ರಿಯ ಚಿತ್ರ ಕೆಡುವುದು

ಮೊದಲ ಶತ್ರು ಜೇಡ. ಇನ್‌ಫ್ರಾರೆಡ್ ದೀಪದ ಸುತ್ತ ಹುಳ ಬರುತ್ತವೆ, ಹುಳ ಹಿಡಿಯಲು ಜೇಡ ಬಲೆ ಕಟ್ಟುತ್ತದೆ, ಲೆನ್ಸಿನ ಮುಂದಿನ ಒಂದೆಳೆ ಇಡೀ ಚಿತ್ರವನ್ನು ಬೆಳ್ಳಗಾಗಿಸಿ ರಾತ್ರಿಯಿಡೀ ಅಲರ್ಟ್ ಕಳಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಕೋಲಿಗೆ ಮೆತ್ತನೆಯ ಬಟ್ಟೆ ಕಟ್ಟಿ ಒರೆಸಿ. ಗೇಟಿನ ಹತ್ತಿರ 9 ವ್ಯಾಟ್‌ನ ಎಲ್‌ಇಡಿ ಬಲ್ಬು ರಾತ್ರಿಯಿಡೀ ಉರಿಯುವುದಾದರೆ ಕ್ಯಾಮೆರಾದ ಇನ್‌ಫ್ರಾರೆಡ್ ಆಫ್ ಮಾಡಿ ಬಣ್ಣದಲ್ಲೇ ಓಡಿಸುವುದು ಇನ್ನೂ ಒಳ್ಳೆಯದು. ಅಂಗಿಯ ಬಣ್ಣವೂ ಗುರುತಿಗೆ ಸಿಗುತ್ತದೆ.

ಚಿತ್ರದ ಒಂದು ಬದಿ ಮಂಜು ಮುಸುಕಿದಂತಿದ್ದರೆ ಪಕ್ಕದ ಬಿಳಿ ಗೋಡೆಯೋ ಸಜ್ಜಾದ ತಳವೋ ಬೆಳಕನ್ನು ವಾಪಸು ಹೊಡೆಯುತ್ತಿದೆ. ಕ್ಯಾಮೆರಾ ಒಂದಡಿ ಮುಂದೆ ತನ್ನಿ. ಡೋಮ್ ಕ್ಯಾಮೆರಾದಲ್ಲಿ ಇದೇ ಕಂಡರೆ ಲೆನ್ಸಿನ ಸುತ್ತಲಿನ ಕಪ್ಪು ಫೋಮ್ ಉಂಗುರ ಗಾಜಿಗೆ ಒತ್ತಿಕೊಂಡಿಲ್ಲ.

ನಡೆಯುವವನು ದೆವ್ವದಂತೆ ಎಳೆದು ಕಾಣುತ್ತಿದ್ದರೆ ಶಟರ್ ಬಹಳ ನಿಧಾನವಾಗಿದೆ. 1/25 ಸೆಕೆಂಡಿಗಿಂತ ನಿಧಾನವಾಗದಂತೆ ಮಿತಿ ಹಾಕಿ. ದೀಪದಡಿ ಚಿತ್ರದಲ್ಲಿ ಪಟ್ಟಿಗಳು ಹರಿದರೆ ಕ್ಯಾಮೆರಾ 60 ಹರ್ಟ್ಸ್‌ನಲ್ಲಿದೆ. ನಮ್ಮ ಕರೆಂಟು 50, ಸೆಟ್ಟಿಂಗಿನಲ್ಲಿ 50 ಹರ್ಟ್ಸ್ ಅಥವಾ ಪಾಲ್ ಆರಿಸಿ. ಓಡುವ ಬೈಕಿನ ನಂಬರ್ ಪ್ಲೇಟು ರಾತ್ರಿ ಸಿಗುತ್ತದೆಂದು ಈ ಕ್ಯಾಮೆರಾಗಳಿಂದ ನಿರೀಕ್ಷಿಸಬೇಡಿ. ಅದಕ್ಕೆ ವೇಗದ ಶಟರ್, ಉದ್ದ ಲೆನ್ಸ್ ಇರುವ ಬೇರೆಯದೇ ಕ್ಯಾಮೆರಾ ಬೇಕು.

ತೆಂಗಿನ ಗರಿ, ಒಣಹಾಕಿದ ಬಟ್ಟೆ, ಬೆಕ್ಕು ಇವೆಲ್ಲಕ್ಕೂ ಅಲರ್ಟ್ ಬರುತ್ತಿದ್ದರೆ ಸಾಮಾನ್ಯ ಮೋಶನ್ ಡಿಟೆಕ್ಷನ್ ಆಫ್ ಮಾಡಿ. ಗೇಟಿನ ಒಳಗೆ ಒಂದು ಗೆರೆ ಎಳೆದು, ಮನುಷ್ಯ ದಾಟಿದರೆ ಮಾತ್ರ ಎಂದು ಇಡಿ. ರೆಕಾರ್ಡಿಂಗ್ ಮಾತ್ರ ಸದಾ ನಡೆಯುತ್ತಿರಲಿ.

ಪಾಸ್‌ವರ್ಡ್, ಸಮಯ, ಪ್ರತಿ ತೆಗೆಯುವುದು

2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಲಕ್ಷಾಂತರ ಉಪಕರಣಗಳನ್ನು ವಶಕ್ಕೆ ತೆಗೆದುಕೊಂಡದ್ದು ಅವುಗಳಲ್ಲಿ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದೆ ಬಿಟ್ಟದ್ದರಿಂದಲೇ; ಕ್ಯಾಮೆರಾ, ಡಿವಿಆರ್‌ಗಳೂ ಅದರಲ್ಲಿ ಬಹಳ ಇದ್ದವು. ಅಡ್ಮಿನ್ ಪಾಸ್‌ವರ್ಡನ್ನು ಮನೆಯವರೇ ಹಾಕಬೇಕು. ಮೊಬೈಲ್ ಆ್ಯಪಿನಲ್ಲಿ ರೆಕಾರ್ಡರನ್ನು ಮನೆಯವರ ಫೋನ್ ಸಂಖ್ಯೆಯ ಖಾತೆಗೇ ಮೊದಲು ಸೇರಿಸಬೇಕು. ಅಳವಡಿಸುವವರು ಅನುಕೂಲಕ್ಕೆಂದು ತಮ್ಮ ಖಾತೆಗೆ ಸೇರಿಸಿ ನಿಮಗೆ ‘ಶೇರ್’ ಮಾಡಿದರೆ ನಿಮ್ಮ ಮನೆಯ ಕೀಲಿ ಅವರ ಬಳಿ ಉಳಿಯುತ್ತದೆ, ಮುಂದೆ ಬಿಡಿಸಿಕೊಳ್ಳಲು ಅವರನ್ನೇ ಹುಡುಕಬೇಕು. ರೌಟರಿನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನ ಇಂಟರ್ನೆಟ್‌ನಿಂದ ರೆಕಾರ್ಡರಿಗೆ ನೇರ ದಾರಿ ತೆರೆಯುವುದು) ಮಾಡಿಸಬೇಡಿ. ಕ್ಯೂಆರ್ ಕೋಡಿನ ಪಿ2ಪಿ ದಾರಿಯೇ ಸಾಕು.

ಕರೆಂಟು ಹೋಗಿ ಬಂದಾಗಲೆಲ್ಲ ದಿನಾಂಕ 2000ನೇ ಇಸವಿಗೆ ಹೋಗುತ್ತಿದ್ದರೆ ರೆಕಾರ್ಡರಿನ ಬೋರ್ಡಿನಲ್ಲಿರುವ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ. ಅದನ್ನು ಬದಲಿಸಿ, ಟೈಮ್ ಝೋನ್ 5:30ಕ್ಕೆ ಇಟ್ಟು, ಇಂಟರ್ನೆಟ್‌ನಿಂದ ಸಮಯ ಸರಿಪಡಿಸುವ ಎನ್‌ಟಿಪಿ ಆನ್ ಮಾಡಿ. ತಪ್ಪು ಸಮಯದ ದೃಶ್ಯವನ್ನು ನ್ಯಾಯಾಲಯದಲ್ಲಿ ನಂಬಿಸುವುದು ಕಷ್ಟ.

ಘಟನೆಯಾದ ದಿನವೇ ಪ್ರತಿ ತೆಗೆದಿಡಿ, ಡಿಸ್ಕ್ ತುಂಬಿದಂತೆ ಹಳೆಯದು ಅಳಿಯುತ್ತ ಹೋಗುತ್ತದೆ. ಪೆನ್‌ಡ್ರೈವ್ ಎಫ್‌ಎಟಿ32ರಲ್ಲಿ ಫಾರ್ಮ್ಯಾಟ್ ಆಗಿರಲಿ, ಹಳೆಯ ಡಿವಿಆರ್‌ಗಳು ಬೇರೆಯದನ್ನು ಗುರುತಿಸವು. ಆ ಫಾರ್ಮ್ಯಾಟಿನಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ, ಆದ್ದರಿಂದ ಅರ್ಧರ್ಧ ಗಂಟೆಯ ತುಂಡು ತೆಗೆಯಿರಿ. ದಹುವಾ ಬಗೆಯ ಡಿವಿಆರ್‌ಗಳು ‘ಡಿಎವಿ’ ಫೈಲು ಕೊಡುತ್ತವೆ. ಅದರ ಪ್ಲೇಯರನ್ನೂ ಜೊತೆಗೇ ನಕಲು ಮಾಡಿ. ಮೊಬೈಲಿನಲ್ಲಿ ಪರದೆಯ ವಿಡಿಯೊ ಹಿಡಿದು ವಾಟ್ಸ್ಆ್ಯಪ್ ಮಾಡಿದ್ದು ಠಾಣೆಯಲ್ಲಿ ಮಾಹಿತಿಗೆ ಆಗಬಹುದು, ಸಾಕ್ಷ್ಯಕ್ಕೆ ಆಗದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲು ಸ್ವಲ್ಪ ಬದಲಾದರೂ ಬದಲಾಗುವ, ಅದರ ಬೆರಳಚ್ಚಿನಂಥ ಸಂಕೇತ) ಬರೆಯಬೇಕಾಗುತ್ತದೆ. ಹಾಗಾಗಿ ರೆಕಾರ್ಡರಿನಿಂದ ಇಳಿಸಿದ ಮೂಲ ಫೈಲನ್ನು ಕತ್ತರಿಸದೆ, ಬೇರೆ ಫಾರ್ಮ್ಯಾಟಿಗೆ ಬದಲಿಸದೆ ಒಂದು ಪೆನ್‌ಡ್ರೈವಿನಲ್ಲಿ ಹಾಗೇ ಇಡಿ. ನೋಡಲು, ಹಂಚಲು ಇನ್ನೊಂದು ನಕಲು ಮಾಡಿಕೊಳ್ಳಿ. ರೆಕಾರ್ಡರಿನ ಗಡಿಯಾರಕ್ಕೂ ಫೋನಿನ ಸಮಯಕ್ಕೂ ಎಷ್ಟು ಸೆಕೆಂಡು ವ್ಯತ್ಯಾಸವಿತ್ತೆಂದು ಪ್ರತಿ ತೆಗೆದ ದಿನವೇ ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ.